ಮುಖಪುಟವೂ ಅಂಕಿತವೂ: ರಾಕ್ ಆಲ್ಬಮ್‌ಗಳ ಹೊದಿಕೆಯಿಂದ ಭೀಮಾತೀರದ ಕ್ಯಾಸೆಟ್ಟಿನವರೆಗೆ

1

ಕನ್ನಡ ಸಂಶೋಧನೆಯು ಹಾಡೊಂದನ್ನು ಪಠ್ಯವಾಗಿ ಕೈಗೆತ್ತಿಕೊಂಡಾಗ ಮೊದಲು ಅರಸುವುದು ಅದರ ಅಂಕಿತವನ್ನು. ವಚನವಾಗಲಿ, ಕೀರ್ತನೆಯಾಗಲಿ, ತತ್ವಪದವಾಗಲಿ, ಅದು ಯಾರ ರಚನೆ ಎಂಬ ಪ್ರಶ್ನೆಗೆ ಹಾಡಿನ ಕೊನೆಯ ಭಾಗದಲ್ಲಿ ಉತ್ತರವಿರುತ್ತದೆ ಎಂಬುದು ಈ ಶಿಸ್ತಿನ ಮೊದಲ ಪಾಠಗಳಲ್ಲಿ ಒಂದು. ಆದರೆ ಅಂಕಿತವು ಇಂದಿನ ಅರ್ಥದ ಸಹಿಯಲ್ಲ. ಸಹಿಯಲ್ಲಿ ಬರೆದವನ ಹೆಸರು ಮುಂದೆ ಬರುತ್ತದೆ. ಅಂಕಿತದಲ್ಲಿ ಬರೆದವನು ತನ್ನ ಹೆಸರನ್ನು ದೈವದ ಅಥವಾ ಗುರುವಿನ ಹೆಸರಿನ ಹಿಂದೆ ಇಟ್ಟುಕೊಳ್ಳುತ್ತಾನೆ. ತನ್ನನ್ನು ಮರೆಮಾಡಿಕೊಳ್ಳುವ ಕ್ರಿಯೆಯೇ ತನ್ನನ್ನು ಗುರುತಿಸುವ ಕ್ರಿಯೆಯೂ ಆಗಿರುವುದು ಇದರ ವಿಶೇಷ. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರು ಗುರು ಮಹಾಂತನ ಹೆಸರಿನಲ್ಲಿ ಹಾಡಿದರು. ಶಿಶುವಿನಹಾಳದ ಶರೀಫರು ಶಿಶುನಾಳಧೀಶನ ಹೆಸರಿನಲ್ಲಿ ಹಾಡಿದರು. ಹಾಡು ಎಷ್ಟು ಬಾಯಿಗಳನ್ನು ದಾಟಿದರೂ ಅಂಕಿತ ಹಾಡಿನೊಳಗೇ ಇದ್ದುದರಿಂದ ಅದು ಜೊತೆಯಲ್ಲಿಯೇ ಸಾಗಿ ಬಂದಿತು.

ಹಾಡು ಯಂತ್ರವನ್ನು ಹೊಕ್ಕ ಮೇಲೆ ಅದಕ್ಕೆ ಇನ್ನೊಂದು ಬಗೆಯ ಅಂಕಿತ ಅಂಟಿಕೊಂಡಿತು. ಅದು ಧ್ವನಿಮುದ್ರಿಕೆಯ ಹೊದಿಕೆ, ಅಂದರೆ ಮುಖಪುಟ. ಹಾಡು ಯಾರದು, ಅದನ್ನು ಯಾರ ಮುಖದ ಮೂಲಕ ನೆನಪಿಡಬೇಕು, ಯಾವ ಭಾವದಲ್ಲಿ ಕೇಳಬೇಕು ಎಂಬುದನ್ನು ಹಾಡು ಕಿವಿಗೆ ಬೀಳುವ ಮೊದಲೇ ಈ ಹೊದಿಕೆ ನಿರ್ಧರಿಸಿಬಿಡುತ್ತದೆ. ಕನ್ನಡ ಅಧ್ಯಯನವು ಧ್ವನಿಮುದ್ರಿಕೆಯಿಂದ ಪದಗಳನ್ನು ಬರೆದುಕೊಂಡಿದೆ, ಮಟ್ಟುಗಳನ್ನು ಗುರುತಿಸಿದೆ, ಪಾಠಾಂತರಗಳನ್ನು ಹೋಲಿಸಿದೆ. ಹೊದಿಕೆಯನ್ನು ಓದಿದ್ದು ಮಾತ್ರ ಕಡಿಮೆ. ದೃಶ್ಯವಿನ್ಯಾಸವೇ ಒಂದು ಸ್ವತಂತ್ರ ಭಾಷೆಯಾಗಿ ಬೆಳೆದಿರುವ ಪಾಶ್ಚಾತ್ಯ ರಾಕ್ ಸಂಗೀತದ ಆಲ್ಬಮ್‌ಗಳನ್ನು ಮೊದಲು ನೋಡಿ, ಅಲ್ಲಿ ದೊರೆಯುವ ಪ್ರಶ್ನೆಗಳನ್ನು ಭೀಮಾತೀರದ ಕ್ಯಾಸೆಟ್ಟುಗಳಿಗೆ ತಂದು ಕೇಳುವುದು ಈ ಬರಹದ ಉದ್ದೇಶ.

ಹೊದಿಕೆ ಇಲ್ಲದ ಕಾಲವೊಂದಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿಕೊಂಡ ಗೌಹರ್ ಜಾನ್ ಅವರ ತಟ್ಟೆಗಳಲ್ಲಿ ಹಾಡು ಮುಗಿಯುತ್ತಿದ್ದಂತೆ ಗಾಯಕಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಹೇಳುವುದು ಕೇಳಿಸುತ್ತದೆ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಈ ದನಿ ಯಾರದೆಂದು ತಿಳಿದು, ಸರಿಯಾದ ಚೀಟಿ ಅಂಟಿಸಲು ಇದರಿಂದ ಅನುಕೂಲವಾಗುತ್ತಿತ್ತು. ವ್ಯಾಪಾರದ ಅಗತ್ಯದಿಂದ ಹುಟ್ಟಿದ ಈ ರೂಢಿಗೂ ತತ್ವಪದದ ಅಂಕಿತಕ್ಕೂ ಒಂದು ಸಾಮ್ಯವಿದೆ: ಎರಡರಲ್ಲಿಯೂ ಹೆಸರು ದನಿಯೊಳಗೇ ಇದೆ. ಅನಂತರದ ಕಾಲದಲ್ಲಿ ಹೆಸರು ದನಿಯಿಂದ ಹೊರಬಂದು ಮೊದಲು ತಟ್ಟೆಯ ನಡುವಿನ ಚೀಟಿಗೂ ಆಮೇಲೆ ಹೊದಿಕೆಗೂ ವರ್ಗಾವಣೆಗೊಂಡಿತು. ಹೊರಬಂದ ಹೆಸರನ್ನು ಬದಲಾಯಿಸುವುದು, ಬಿಡುವುದು, ಬೇರೆಯವರ ಹೆಸರನ್ನು ಅಂಟಿಸುವುದು ಸುಲಭ. ಮುಂದಿನ ಚರ್ಚೆಗೆಲ್ಲ ಈ ವರ್ಗಾವಣೆಯೇ ಮೂಲ.

2

‘ಆಲ್ಬಮ್’ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅದರ ಅರ್ಥ ಬಿಳಿಯದು, ಬರೆಯಲು ಸಿದ್ಧಪಡಿಸಿದ ಬಿಳಿಯ ಹಲಗೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳಲ್ಲಿ ಒಂದೊಂದು ಬದಿಗೆ ಮೂರು ನಾಲ್ಕು ನಿಮಿಷಗಳ ಸಂಗೀತಕ್ಕಷ್ಟೇ ಜಾಗವಿತ್ತು. ದೀರ್ಘ ಕೃತಿಗಳಿಗೆ ಹಲವು ತಟ್ಟೆಗಳು ಬೇಕಾಗುತ್ತಿದ್ದವು. ಅವುಗಳನ್ನು ಕಾಗದದ ಚೀಲಗಳಲ್ಲಿಟ್ಟು, ಭಾವಚಿತ್ರಗಳ ಪುಸ್ತಕದಂತೆ ರಟ್ಟು ಹಾಕಿ ಕಟ್ಟುತ್ತಿದ್ದುದರಿಂದ ಆ ಕಟ್ಟಿಗೆ ಆಲ್ಬಮ್ ಎಂಬ ಹೆಸರು ಬಂದಿತು. ರಟ್ಟಿನ ಮೇಲೆ ಹೆಚ್ಚೆಂದರೆ ಅಕ್ಷರಗಳಿರುತ್ತಿದ್ದವು. ಅಮೆರಿಕದ ಕೊಲಂಬಿಯಾ ಕಂಪನಿಗೆ ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ ವಿನ್ಯಾಸಕಾರ 1940ರ ಸುಮಾರಿಗೆ ಈ ರಟ್ಟಿನ ಮೇಲೆ ಚಿತ್ರ ಮುದ್ರಿಸುವ ಪದ್ಧತಿಯನ್ನು ಬಳಕೆಗೆ ತಂದರು. 1948ರಲ್ಲಿ ದೀರ್ಘಕಾಲಿಕ ತಟ್ಟೆ ಬಂದ ಮೇಲೆ ಹನ್ನೆರಡು ಅಂಗುಲ ಚದರದ ಹೊದಿಕೆ ಸ್ಥಿರಗೊಂಡಿತು. ಗೋಡೆಗೆ ತೂಗುಹಾಕಬಹುದಾದಷ್ಟು ದೊಡ್ಡದಾದ, ಕೈಯಲ್ಲಿ ಹಿಡಿದು ಓದಬಹುದಾದಷ್ಟು ಚಿಕ್ಕದಾದ ಅಳತೆ ಇದು. ರಾಕ್ ತಂಡಗಳ ದೃಶ್ಯಕಲ್ಪನೆ ಬೆಳೆದದ್ದು ಈ ಚೌಕದೊಳಗೆ.

ಆರಂಭದ ಹೊದಿಕೆಗಳಲ್ಲಿ ಹಾಡುವವರ ಮುಖವೇ ಪ್ರಧಾನ. ಮುಖ ಮಾರಾಟದ ಭರವಸೆಯಾಗಿತ್ತು. 1967ರಲ್ಲಿ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಈ ಸಂಬಂಧವನ್ನು ಸಡಿಲಗೊಳಿಸಿತು. ಪೀಟರ್ ಬ್ಲೇಕ್ ಮತ್ತು ಜಾನ್ ಹೇವರ್ತ್ ರೂಪಿಸಿದ ಆ ಹೊದಿಕೆಯಲ್ಲಿ ನಾಲ್ವರು ಹಾಡುಗಾರರು ಬೇರೊಂದು ಕಲ್ಪಿತ ವಾದ್ಯತಂಡದ ವೇಷ ತೊಟ್ಟು ನಿಂತಿದ್ದಾರೆ. ಅವರ ಹಿಂದೆ ಲೇಖಕರು, ನಟರು, ಚಿಂತಕರು ಸೇರಿದ ದೊಡ್ಡ ಗುಂಪಿದೆ. ಆ ಗುಂಪಿನಲ್ಲಿ ಪರಮಹಂಸ ಯೋಗಾನಂದ, ಶ್ರೀಯುಕ್ತೇಶ್ವರ, ಲಾಹಿರಿ ಮಹಾಶಯ ಮತ್ತು ಮಹಾವತಾರ ಬಾಬಾಜಿ ಎಂಬ ನಾಲ್ವರು ಭಾರತೀಯ ಗುರುಗಳೂ ಇದ್ದಾರೆ. ಮಹಾತ್ಮಾ ಗಾಂಧಿಯವರ ಆಕೃತಿಯನ್ನೂ ಮೊದಲು ಇಡಲಾಗಿತ್ತು. ಭಾರತದಲ್ಲಿ ಅದು ನೋವುಂಟುಮಾಡಬಹುದೆಂಬ ಇಎಂಐ ಕಂಪನಿಯ ಅಂಜಿಕೆಯಿಂದ ಅದನ್ನು ತೆಗೆಯಲಾಯಿತು. ಹೊದಿಕೆಯ ಮೇಲೆ ಯಾರಿರಬೇಕು, ಯಾರಿರಬಾರದು ಎಂಬುದು ಕಲಾವಿದನೊಬ್ಬನ ತೀರ್ಮಾನವಲ್ಲ. ಅದರಲ್ಲಿ ಮಾರುಕಟ್ಟೆ ಮತ್ತು ಸಮುದಾಯಗಳೂ ಪಾಲ್ಗೊಳ್ಳುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ.

ಇದೇ ಹೊದಿಕೆಯ ಹಿಂಬದಿಯಲ್ಲಿ ಹಾಡುಗಳ ಸಾಹಿತ್ಯವನ್ನು ಪೂರ್ತಿಯಾಗಿ ಅಚ್ಚು ಮಾಡಲಾಗಿತ್ತು. ರಾಕ್ ಹಾಡು ಕೇಳುವ ವಸ್ತುವಷ್ಟೇ ಅಲ್ಲ, ಓದುವ ಪಠ್ಯವೂ ಹೌದೆಂಬ ಘೋಷಣೆ ಅದರಲ್ಲಿದೆ. ಹೊದಿಕೆಯು ಅಲಂಕಾರದ ನೆಲೆಯನ್ನು ಬಿಟ್ಟು ಪುಸ್ತಕದ ನೆಲೆಗೆ ಬಂದದ್ದು ಈ ಘಟ್ಟದಲ್ಲಿ.

3

ಅದೇ ವರ್ಷದ ಕೊನೆಗೆ ಬಂದ ಜಿಮಿ ಹೆಂಡ್ರಿಕ್ಸ್ ಎಕ್ಸ್‌ಪೀರಿಯೆನ್ಸ್ ತಂಡದ ‘ಆಕ್ಸಿಸ್: ಬೋಲ್ಡ್ ಆ್ಯಸ್ ಲವ್’ ಆಲ್ಬಮ್ಮಿನ ಹೊದಿಕೆಯನ್ನು ಭಾರತೀಯ ಓದುಗರು ಬೇರೆಯದೇ ಕಣ್ಣಿನಿಂದ ನೋಡಬೇಕಾಗುತ್ತದೆ. ಭಾರತದಲ್ಲಿ ಮನೆಮನೆಗೆ ತಲುಪಿದ್ದ ವಿಶ್ವರೂಪದ ಮುದ್ರಿತ ಚಿತ್ರವೊಂದೇ ಅದರ ಆಧಾರ. ವಿರಾಟ್ ಪುರುಷನ ನಡುವಿನ ಮುಖಗಳ ಜಾಗದಲ್ಲಿ ಹೆಂಡ್ರಿಕ್ಸ್ ಮತ್ತು ಅವರ ಇಬ್ಬರು ಸಂಗಡಿಗರ ಮುಖಗಳನ್ನು ಕೂರಿಸಲಾಗಿದೆ. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಬೆಳೆದ ಬಣ್ಣದ ದೇವರಚಿತ್ರಗಳ ಪರಂಪರೆ, ಕ್ಯಾಲೆಂಡರುಗಳ ಮೂಲಕ ಕನ್ನಡದ ಮನೆಗಳ ಜಗುಲಿಗೂ ಬಂದಿರುವಂಥದು, ಹೀಗೆ ಲಂಡನ್ನಿನ ರಾಕ್ ತಟ್ಟೆಯ ಮೇಲೂ ಕಾಣಿಸಿಕೊಂಡಿತು.

ವಿಶ್ವರೂಪದ ಕಲ್ಪನೆಯಲ್ಲಿ ಎಲ್ಲ ಮುಖಗಳೂ ಒಂದರೊಳಗೆ ಲಯವಾಗುತ್ತವೆ. ಇಲ್ಲಿ ಅದರ ವಿಲೋಮ ನಡೆದಿದೆ: ಮೂರು ಮುಖಗಳನ್ನು ಎತ್ತಿಹಿಡಿಯಲು ಉಳಿದ ಅಷ್ಟೂ ರೂಪಗಳು ಹಿನ್ನೆಲೆಯಾಗಿವೆ. ಭಕ್ತ ತನ್ನ ಹೆಸರನ್ನು ದೈವದ ಹೆಸರಿನಲ್ಲಿ ಅಡಗಿಸುವುದು ಅಂಕಿತವಾದರೆ, ದೈವದ ದೇಹದ ಮೇಲೆ ತನ್ನ ಮುಖವನ್ನು ಇಡುವುದು ಅದರ ತಲೆಕೆಳಗಾದ ರೂಪ. ಈ ಹೊದಿಕೆಯ ಬಗ್ಗೆ ಸ್ವತಃ ಹೆಂಡ್ರಿಕ್ಸ್ ಅವರಿಗೂ ಸಮಾಧಾನವಿರಲಿಲ್ಲ. ಅವರ ವಂಶದಲ್ಲಿ ಅಮೆರಿಕದ ಮೂಲನಿವಾಸಿಗಳ ರಕ್ತಸಂಬಂಧದ ನೆನಪಿತ್ತು. ‘ಇಂಡಿಯನ್’ ಎಂಬ ಒಂದೇ ಪದ ಎರಡು ಜನಾಂಗಗಳಿಗೂ ಸಲ್ಲುವುದರಿಂದ, ತಮಗೆ ಸಂಬಂಧವಿಲ್ಲದ ಇಂಡಿಯಾ ತಮ್ಮ ಹೊದಿಕೆಗೆ ಬಂದಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಹಾಡುಗಾರನ ಮುಖವೇ ದೊಡ್ಡದಾಗಿ ಅಚ್ಚಾದ ಹೊದಿಕೆಯಲ್ಲಿಯೂ ಹಾಡುಗಾರನ ಗುರುತು ತಪ್ಪಿಹೋಗಬಹುದೆಂಬುದು ಇಲ್ಲಿ ಗಮನಾರ್ಹ. 1997ರಲ್ಲಿ ಏರೋಸ್ಮಿತ್ ತಂಡದ ‘ನೈನ್ ಲೈವ್ಸ್’ ಹೊದಿಕೆಯಲ್ಲಿ ಕಾಳಿಂಗಮರ್ದನ ಕೃಷ್ಣನ ಚಿತ್ರಕ್ಕೆ ಬೆಕ್ಕಿನ ತಲೆಯನ್ನು ಇಡಲಾಯಿತು. ಹಿಂದೂ ಸಂಘಟನೆಗಳ ಪ್ರತಿಭಟನೆಯ ಮೇಲೆ ಕಂಪನಿ ಹೊದಿಕೆಯನ್ನೇ ಬದಲಾಯಿಸಿತು. ಎರಡೂ ಪ್ರಸಂಗಗಳಲ್ಲಿ ಚಿತ್ರವನ್ನು ಎತ್ತಿಕೊಂಡವರಿಗೆ ಅದು ಒಡೆಯರಿಲ್ಲದ ಅಲಂಕಾರವಾಗಿ ಕಂಡಿತ್ತು. ಹೆಸರಿಲ್ಲದ್ದು ಯಾರದೂ ಅಲ್ಲ ಎಂಬ ಈ ನಂಬಿಕೆ ಹಾಡುಗಳ ವಿಷಯದಲ್ಲಿಯೂ ಕೆಲಸ ಮಾಡುವುದನ್ನು ಮುಂದೆ ನೋಡಬಹುದು.

4

ಮುಖಗಳ ಈ ಮೆರವಣಿಗೆಗೆ ಪ್ರತಿಯಾಗಿ ರಾಕ್ ಸಂಗೀತದಲ್ಲಿಯೇ ಮುಖವನ್ನೂ ಹೆಸರನ್ನೂ ತೊರೆಯುವ ಧಾರೆಯೊಂದು ಹುಟ್ಟಿತು. ‘ಸಾರ್ಜೆಂಟ್ ಪೆಪರ್’ನ ಜನಜಂಗುಳಿಯ ಮರುವರ್ಷವೇ, 1968ರ ನವೆಂಬರಿನಲ್ಲಿ, ಬೀಟಲ್ಸ್ ತಂಡ ಬರಿಯ ಬಿಳಿಯ ಹೊದಿಕೆಯ ಆಲ್ಬಮ್ ತಂದಿತು. ಅದರಲ್ಲಿನ ಹಲವು ಹಾಡುಗಳು ಆ ವರ್ಷ ಋಷಿಕೇಶದಲ್ಲಿದ್ದಾಗ ರಚಿತವಾದವು. ಚಿತ್ರಕಾರ ರಿಚರ್ಡ್ ಹ್ಯಾಮಿಲ್ಟನ್ ರೂಪಿಸಿದ ಈ ಹೊದಿಕೆಯ ಮೇಲೆ ತಂಡದ ಹೆಸರನ್ನು ಶಾಯಿಯಿಲ್ಲದೆ, ಕಾಗದ ಉಬ್ಬುವಂತೆ ಒತ್ತಲಾಗಿತ್ತು. ಕಣ್ಣಿಗಿಂತ ಬೆರಳಿಗೇ ಅದು ಚೆನ್ನಾಗಿ ತಿಳಿಯುತ್ತದೆ. ಜೊತೆಗೆ ಪ್ರತಿಯೊಂದು ಪ್ರತಿಗೂ ಒಂದೊಂದು ಕ್ರಮಸಂಖ್ಯೆ ಇತ್ತು. ಲಕ್ಷಾಂತರ ಪ್ರತಿಗಳಾಗಿ ಅಚ್ಚಾದ ವಸ್ತುವಿಗೆ ಹಸ್ತಪ್ರತಿಯಂತೆ ಒಂದೊಂದಕ್ಕೂ ಬೇರೆಯ ಗುರುತು ಕೊಡುವ ಈ ಉಪಾಯದಲ್ಲಿ ವಿನೋದವೂ ವಿಮರ್ಶೆಯೂ ಇದೆ. ಆಲ್ಬಮ್ ಎಂಬ ಪದ ತನ್ನ ಧಾತುವಿನ ಬಿಳುಪಿಗೆ ಮರಳಿದ್ದು ಇಲ್ಲಿ. ಬಯಲನ್ನು ತಾತ್ವಿಕ ಪದವಾಗಿ ಬಲ್ಲ ಕನ್ನಡ ಓದುಗನಿಗೆ ಈ ಬಿಳುಪು ಕೇವಲ ಖಾಲಿಜಾಗವಾಗಿ ಕಾಣಲಾರದು. ಆದರೆ ಅದನ್ನು ಅಲ್ಲಮನ ಬಯಲಿನೊಡನೆ ಸಮೀಕರಿಸುವುದೂ ಅವಸರವಾಗುತ್ತದೆ. ಜಗತ್ತಿನಲ್ಲಿ ಎಲ್ಲರೂ ಬಲ್ಲ ತಂಡವೊಂದು ಮಾತ್ರ ಹೆಸರನ್ನು ಇಷ್ಟು ಮೆಲ್ಲಗೆ ಹೇಳಬಲ್ಲುದು.

ಪಿಂಕ್ ಫ್ಲಾಯ್ಡ್ ತಂಡದ 1970ರ ‘ಆ್ಯಟಮ್ ಹಾರ್ಟ್ ಮದರ್’ ಹೊದಿಕೆಯ ಮುಂಬದಿಯಲ್ಲಿ ಹೊಲದಲ್ಲಿ ನಿಂತು ಹಿಂತಿರುಗಿ ನೋಡುವ ಒಂದು ಹಸುವಿದೆ. ತಂಡದ ಹೆಸರಿಲ್ಲ, ಆಲ್ಬಮ್ಮಿನ ಹೆಸರಿಲ್ಲ. 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಹೊದಿಕೆಯಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಒಂದು ತ್ರಿಕೋನ ಪಟ್ಟಕ, ಅದನ್ನು ಹೊಕ್ಕು ಬಣ್ಣಗಳಾಗಿ ಹೊರಡುವ ಒಂದು ಬೆಳಕಿನ ಗೆರೆ ಮಾತ್ರ ಇವೆ. ಹಿಪ್‌ನೋಸಿಸ್ ಎಂಬ ವಿನ್ಯಾಸ ಸಂಸ್ಥೆಗಾಗಿ ಇದನ್ನು ಬಿಡಿಸಿದವರು ಜಾರ್ಜ್ ಹಾರ್ಡಿ. ಶಾಲೆಯ ವಿಜ್ಞಾನ ಪಾಠದ ಈ ಚಿತ್ರದಲ್ಲಿ ಬಣ್ಣಗಳು ಏಳಲ್ಲ, ಆರು. ಹೊದಿಕೆಯನ್ನು ಬಿಚ್ಚಿದರೆ ಬಣ್ಣದ ಪಟ್ಟಿಗಳು ಒಳಗೂ ಸಾಗುತ್ತವೆ. ಅವುಗಳಲ್ಲೊಂದು ಹೃದಯದ ಬಡಿತದ ಗೆರೆಯಾಗಿ ಏರಿಳಿಯುತ್ತದೆ. ಆಲ್ಬಮ್ ಆರಂಭವಾಗುವುದೂ ಮುಗಿಯುವುದೂ ಹೃದಯಬಡಿತದ ಸದ್ದಿನಿಂದಲೇ. ಚಿತ್ರವು ಹಾಡನ್ನು ವಿವರಿಸುವುದಿಲ್ಲ. ಹಾಡಿನ ರಚನಾಕ್ರಮವನ್ನೇ ಇನ್ನೊಂದು ಇಂದ್ರಿಯಕ್ಕೆ ತಿಳಿಸುತ್ತದೆ. ಹೊದಿಕೆಯ ಕಲೆ ತನ್ನ ಪಕ್ವತೆಯಲ್ಲಿ ಮಾಡಬಲ್ಲುದು ಇದನ್ನು.

ಈ ಧಾರೆಯಲ್ಲಿ ಹೆಚ್ಚು ದೀರ್ಘವಾದ ಚರ್ಚೆಗೆ ಅರ್ಹವಾದುದು ಲೆಡ್ ಜೆಪ್ಪೆಲಿನ್ ತಂಡ 1971ರ ನವೆಂಬರಿನಲ್ಲಿ ಹೊರತಂದ ನಾಲ್ಕನೆಯ ಆಲ್ಬಮ್. ಅದಕ್ಕೆ ಹೆಸರೇ ಇಲ್ಲ. ನಾಲ್ಕನೆಯದು ಎಂಬುದು ಕೇಳುಗರು ಇಟ್ಟುಕೊಂಡ ಗುರುತು. ಹಿಂದಿನ ಆಲ್ಬಮ್ಮಿಗೆ ವಿಮರ್ಶಕರ ಸ್ವಾಗತ ತಣ್ಣಗಿತ್ತು. ಹೆಸರಿನ ಬಲವಿಲ್ಲದೆ ಸಂಗೀತವೇ ನಿಲ್ಲಬಲ್ಲುದೇ ಎಂದು ನೋಡುವ ಹಟದಿಂದ ಜಿಮ್ಮಿ ಪೇಜ್ ಮತ್ತು ಸಂಗಡಿಗರು ಕಂಪನಿಯ ವಿರೋಧದ ನಡುವೆಯೂ ಹೊದಿಕೆಯ ಹೊರಬದಿಯಲ್ಲಿ ಒಂದು ಅಕ್ಷರವನ್ನೂ ಅಚ್ಚು ಮಾಡಲು ಬಿಡಲಿಲ್ಲ. ಹೆಸರುಗಳ ಬದಲು ನಾಲ್ವರೂ ಒಂದೊಂದು ಚಿಹ್ನೆಯನ್ನು ಆರಿಸಿಕೊಂಡರು. ವ್ಯಕ್ತಿನಾಮ ಬಿಟ್ಟು ಸಂಕೇತವೊಂದರಲ್ಲಿ ತನ್ನನ್ನು ಕಾಣಿಸುವ ಈ ಕ್ರಮ ಅಂಕಿತಕ್ಕೆ ಹತ್ತಿರದ್ದು. ವ್ಯತ್ಯಾಸವೆಂದರೆ, ಅಂಕಿತ ಹಾಡುವವನಾಚೆಗಿನ ಒಬ್ಬರನ್ನು ನೆನೆಯುತ್ತದೆ. ಇವರ ಚಿಹ್ನೆಗಳು ಇವರನ್ನೇ ಸೂಚಿಸುತ್ತವೆ.

ಹೊದಿಕೆಯ ಮುಂಬದಿಯಲ್ಲಿ ಪದರು ಕಿತ್ತುಬಂದ ಗೋಡೆ. ಅದರ ಮೇಲೆ ಕಟ್ಟು ಹಾಕಿದ ಒಂದು ಚಿತ್ರ. ಚಿತ್ರದಲ್ಲಿ ಕಡ್ಡಿಗಳ ದೊಡ್ಡ ಹೊರೆಯನ್ನು ಬೆನ್ನಮೇಲೆ ಹೊತ್ತು, ಬಾಗಿ, ಊರುಗೋಲು ಹಿಡಿದು ನಿಂತ ಗಡ್ಡದ ಮುದುಕ. ಹೊದಿಕೆಯನ್ನು ಪೂರ್ತಿ ಬಿಚ್ಚಿ ಹಿಡಿದರೆ ಆ ಗೋಡೆ ಅರ್ಧ ಕೆಡವಿದ ಮನೆಯದೆಂದೂ, ಅದರಾಚೆ ಬಹುಮಹಡಿಯ ವಸತಿಗೋಪುರ ಎದ್ದಿದೆಯೆಂದೂ ತಿಳಿಯುತ್ತದೆ. ಹಳ್ಳಿಯ ಶ್ರಮ, ಬೀಳುತ್ತಿರುವ ಮನೆ, ಏಳುತ್ತಿರುವ ನಗರ ಈ ಮೂರೂ ಒಂದೇ ನೋಟದಲ್ಲಿ ಬಂದಿವೆ. ಮುಂಬದಿಯನ್ನಷ್ಟೇ ನೋಡಿದವರಿಗೆ ಮುದುಕ ಕಾಣುತ್ತಾನೆ, ಅವನನ್ನು ಇಲ್ಲವಾಗಿಸುತ್ತಿರುವುದು ಕಾಣುವುದಿಲ್ಲ. ಹೊದಿಕೆಯನ್ನು ಹಾಳೆ ತಿರುವಿ, ಬಿಚ್ಚಿ ಓದಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ದೊರೆಯದು.

ಆ ಚಿತ್ರ ಗಾಯಕ ರಾಬರ್ಟ್ ಪ್ಲಾಂಟ್ ಅವರಿಗೆ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಸಿಕ್ಕಿದ್ದು. ಅದು ವರ್ಣಚಿತ್ರವೆಂದೇ ಬಹುಕಾಲ ತಿಳಿಯಲಾಗಿತ್ತು. ಐವತ್ತೆರಡು ವರ್ಷಗಳ ತರುವಾಯ, 2023ರಲ್ಲಿ, ವೆಸ್ಟ್ ಆಫ್ ಇಂಗ್ಲೆಂಡ್ ವಿಶ್ವವಿದ್ಯಾಲಯದೊಡನೆ ಕೆಲಸ ಮಾಡುವ ಬ್ರಯನ್ ಎಡ್ವರ್ಡ್ಸ್ ಎಂಬ ಸಂಶೋಧಕರು ವಿಕ್ಟೋರಿಯಾ ಕಾಲದ ಛಾಯಾಚಿತ್ರಗಳ ಆಲ್ಬಮ್ ಒಂದರಲ್ಲಿ ಇದೇ ಮುದುಕನನ್ನು ಗುರುತಿಸಿದರು. 1892ರಲ್ಲಿ ನೈರುತ್ಯ ಇಂಗ್ಲೆಂಡಿನ ಪ್ರವಾಸವೊಂದರ ನೆನಪಿಗಾಗಿ ಅರ್ನೆಸ್ಟ್ ಎಂಬವನು ತನ್ನ ಅತ್ತೆಗೆ ಕಾಣಿಕೆಯಾಗಿ ಕೊಟ್ಟ ಆಲ್ಬಮ್ ಅದು. ಕೈಬರಹದ ಹೋಲಿಕೆಯಿಂದ ಆತ ಲಂಡನ್ನಿನ ಛಾಯಾಗ್ರಹಣ ಶಿಕ್ಷಕ ಅರ್ನೆಸ್ಟ್ ಫಾರ್ಮರ್ ಎಂದು ಗೊತ್ತಾಯಿತು. ಚಿತ್ರದ ಕೆಳಗೆ ಬರೆದಿದ್ದುದು ‘ವಿಲ್ಟ್‌ಶೈರಿನ ಹುಲ್ಲುಹೊದಿಕೆಯವನು’ ಎಂಬ ಅರ್ಥದ ಮಾತಷ್ಟೇ. ಸ್ಥಳೀಯ ದಾಖಲೆಗಳ ನೆರವಿನಿಂದ ಆ ಮುದುಕ ಮೀರ್ ಎಂಬ ಊರಿನ ಲಾಟ್ ಲಾಂಗ್ ಇರಬೇಕೆಂದು ಸಂಶೋಧಕರು ಗುರುತಿಸಿದ್ದಾರೆ. ಚಿತ್ರ ತೆಗೆದ ಮರುವರ್ಷ ಆತ ತೀರಿಕೊಂಡ. ಮನೆಗಳಿಗೆ ಹೊದಿಕೆ ಹೊದಿಸುತ್ತಿದ್ದವನು ತನಗೆ ತಿಳಿಯದೆ ಹಾಡುಗಳಿಗೆ ಹೊದಿಕೆಯಾದ. ಕೋಟ್ಯಂತರ ಪ್ರತಿಗಳಲ್ಲಿ ಅವನ ಮುಖ ಮನೆಮನೆ ತಲುಪಿತು, ಹೆಸರು ಮಾತ್ರ ಒಂದು ಹಳೆಯ ಆಲ್ಬಮ್ಮಿನ ಶೀರ್ಷಿಕೆಯನ್ನು ಯಾರಾದರೂ ಓದುವವರೆಗೂ ಕಾಯಬೇಕಾಯಿತು.

ಹೊರೆ ಹೊತ್ತ ಈ ಮುದುಕನನ್ನು ನೋಡಿದ ಕನ್ನಡ ಅಧ್ಯಾಪಕರಿಗೆ ಮೋಳಿಗೆಯ ಮಾರಯ್ಯ ನೆನಪಾಗದಿರುವುದು ಕಷ್ಟ. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ದಾಸೋಹ ನಡೆಸಿದರೆಂದು ಪರಂಪರೆ ಹೇಳುವ ಶರಣರು ಅವರು. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಅದು ಅವರ ಹೆಸರಿನ ಮುಂದೆಯೇ ನಿಂತಿದೆ. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ ಎಂಬ ಹೆಸರುಗಳಲ್ಲಿಯೂ ಕಾಯಕ ಮತ್ತು ವ್ಯಕ್ತಿ ಬೇರೆಯಾಗಿಲ್ಲ. ಫಾರ್ಮರನ ಆಲ್ಬಮ್ಮು ಕಾಯಕವನ್ನು ಬರೆದಿಟ್ಟು ಹೆಸರನ್ನು ಬಿಟ್ಟಿತು. ರಾಕ್ ತಂಡದ ಹೊದಿಕೆ ಹೆಸರನ್ನೂ ಕಾಯಕವನ್ನೂ ಬಿಟ್ಟು ಆಕೃತಿಯನ್ನಷ್ಟೇ ಉಳಿಸಿಕೊಂಡಿತು. ವಚನ ಪರಂಪರೆ ಹೆಸರು, ಕಾಯಕ, ಅಂಕಿತ ಮೂರನ್ನೂ ಉಳಿಸಿತು. ಆಕೃತಿ ಅದಕ್ಕೆ ಬೇಕಾಗಲೇ ಇಲ್ಲ. ತಂಡದವರು ತಮ್ಮ ಹೆಸರನ್ನು ತೊರೆದದ್ದು ಅವರ ಆಯ್ಕೆ. ಲಾಟ್ ಲಾಂಗ್‌ನಿಗೆ ಆ ಆಯ್ಕೆ ಇರಲಿಲ್ಲ. ಅನಾಮಿಕತೆಯಲ್ಲಿ ಎರಡು ಬಗೆ ಇವೆ: ಒಂದು ತಾನಾಗಿ ಒಪ್ಪಿಕೊಂಡದ್ದು, ಇನ್ನೊಂದು ಬೇರೆಯವರ ಉದಾಸೀನದಿಂದ ಬಂದದ್ದು. ಒಂದೇ ಹೊದಿಕೆಯ ಮೇಲೆ ಎರಡೂ ಇರುವುದು ಈ ಆಲ್ಬಮ್ಮಿನ ಮಹತ್ವ.

5

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಭೀಮಾತೀರಕ್ಕೆ ಬಂದರೆ ಪ್ರಶ್ನೆಗಳು ಹತ್ತಿರದವಾಗುತ್ತವೆ. ಅಫಜಲಪುರ ತಾಲ್ಲೂಕಿನ ಸೊನ್ನದ ಬಳಿ ಭೀಮೆಗೆ ಬ್ಯಾರೇಜು ಕಟ್ಟಲಾಗಿದೆ. ಸೊನ್ನದ ಸುತ್ತಿನ ಸೀಮೆಯೆಂದರೆ ಹಾಡಿನ ಸೀಮೆಯೂ ಹೌದು. ಒಂದು ಕಡೆ ದೇವಲ ಗಾಣಗಾಪುರದ ದತ್ತಕ್ಷೇತ್ರ, ಇನ್ನೊಂದು ಕಡೆ ಘತ್ತರಗಿಯ ಭಾಗ್ಯವಂತಿ, ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ, ಜೇವರ್ಗಿಯ ಕಡೆಗೆ ಕಡಕೋಳದ ಮಡಿವಾಳಪ್ಪನವರ ಮಠ. ಮಡಿವಾಳಪ್ಪನವರ ಶಿಷ್ಯಬಳಗದಲ್ಲಿ ಚೆನ್ನೂರಿನ ಜಲಾಲಸಾಹೇಬರಿದ್ದರು, ಖೈನೂರಿನ ಕೃಷ್ಣಪ್ಪನವರಿದ್ದರು. ಈ ಸೀಮೆಯಲ್ಲಿ ಭಜನೆಯ ಪದ ಬರೆದವರ ಜಾತಿಮತವನ್ನು ಹಾಡುವವರ ಜಾತಿಮತದಿಂದ ಊಹಿಸಲಾಗದು.

1963ರಲ್ಲಿ ಫಿಲಿಪ್ಸ್ ಕಂಪನಿ ತಂದ ಕ್ಯಾಸೆಟ್ಟು ಭಾರತದಲ್ಲಿ ಜನಬಳಕೆಗೆ ಬಂದದ್ದು 1970ರ ದಶಕದ ಕೊನೆಯಿಂದ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ಟೆಂದು ಹೆಸರಾಗಿದೆ. ಅಗ್ಗದ ಯಂತ್ರ, ಅಗ್ಗದ ಸುರುಳಿಗಳಿಂದ ಧ್ವನಿಮುದ್ರಣ ದೊಡ್ಡ ಕಂಪನಿಗಳ ಕೈಯಿಂದ ಸಣ್ಣ ಊರುಗಳ ಕೈಗೂ ಬಂದಿತೆಂಬುದನ್ನು ಪೀಟರ್ ಮ್ಯಾನ್ಯುಯೆಲ್ ಉತ್ತರ ಭಾರತವನ್ನು ಕುರಿತ 1993ರ ತಮ್ಮ ಅಧ್ಯಯನದಲ್ಲಿ ವಿವರಿಸಿದ್ದಾರೆ. ಈ ಬದಲಾವಣೆಯಲ್ಲಿ ಹೊದಿಕೆಯೂ ಕುಗ್ಗಿತು. ಹನ್ನೆರಡು ಅಂಗುಲದ ಚೌಕ ಹೋಗಿ, ನಾಲ್ಕು ಅಂಗುಲ ಎತ್ತರ, ಎರಡೂವರೆ ಅಂಗುಲ ಅಗಲದ ಮಡಿಸಿದ ಚೀಟಿ ಉಳಿಯಿತು. ಸಾಲಿನಲ್ಲಿಟ್ಟಾಗ ಕಾಣುವುದು ಅದರ ಬೆನ್ನಿನ ಅರ್ಧ ಅಂಗುಲ ಮಾತ್ರ.

ಇಷ್ಟು ಕಿರಿದಾದ ಜಾಗದಲ್ಲಿ ಭಕ್ತಿಗೀತೆಯ ಕ್ಯಾಸೆಟ್ಟುಗಳು ತಮ್ಮದೇ ವ್ಯಾಕರಣವನ್ನು ಕಟ್ಟಿಕೊಂಡವು. ನಡುವೆ ದೇವರ ಅಥವಾ ಗದ್ದುಗೆಯ ಚಿತ್ರ, ಹಿಂದೆ ಗೋಪುರ ಇಲ್ಲವೆ ಕಿರಣಗಳು, ಮೂಲೆಯಲ್ಲಿ ಕಂಪನಿಯ ಲಾಂಛನ, ಕೆಳಗೆ ಅಂಡಾಕಾರದ ಚೌಕಟ್ಟಿನಲ್ಲಿ ಗಾಯಕರ ಭಾವಚಿತ್ರ. ಒಳಮಡಿಕೆಯಲ್ಲಿ ಎ ಬದಿ, ಬಿ ಬದಿ ಎಂದು ಹಾಡುಗಳ ಪಟ್ಟಿ. ಇದನ್ನು ಅಭಿರುಚಿಯ ಕೊರತೆ ಎಂದು ತಳ್ಳಿಹಾಕುವುದು ಸರಿಯಲ್ಲ. ಜಾತ್ರೆಯ ಅಂಗಡಿಯಲ್ಲಿ ಅಕ್ಷರ ಬಾರದ ಭಕ್ತೆಯೂ ತನಗೆ ಬೇಕಾದ ಕ್ಯಾಸೆಟ್ಟನ್ನು ಗುರುತಿಸಬೇಕಾಗಿತ್ತು. ಆ ಕೆಲಸವನ್ನು ಈ ಹೊದಿಕೆಗಳು ಚೆನ್ನಾಗಿಯೇ ಮಾಡಿದವು. ಪಿಂಕ್ ಫ್ಲಾಯ್ಡಿನ ಪಟ್ಟಕ ಹೆಸರಿಲ್ಲದೆ ಗುರುತಾದದ್ದು ಮತ್ತು ಇಲ್ಲಿನ ದತ್ತನ ಮೂರು ಮುಖ ಹೆಸರು ಓದದೆ ಗುರುತಾದದ್ದು ವಿನ್ಯಾಸದ ದೃಷ್ಟಿಯಿಂದ ಒಂದೇ ಸಾಧನೆ.

ಆದರೆ ಈ ವ್ಯಾಕರಣದೊಳಗೆ ಒಂದು ವೈರುಧ್ಯವಿದೆ. ಗಾಣಗಾಪುರದಲ್ಲಿ ಪೂಜೆಗೊಳ್ಳುವುದು ನರಸಿಂಹ ಸರಸ್ವತಿಯವರ ನಿರ್ಗುಣ ಪಾದುಕೆಗಳು. ಅಲ್ಲಿ ಆರಾಧನೆಯ ಕೇಂದ್ರದಲ್ಲಿ ಮುಖವಿಲ್ಲ. ಮಾರಾಟಕ್ಕೆ ಮುಖ ಬೇಕಾದ್ದರಿಂದ ಹೊದಿಕೆಗೆ ತ್ರಿಮುಖ ದತ್ತ ಬರುತ್ತಾನೆ. ಮಡಿವಾಳಪ್ಪನವರು ಕ್ಯಾಮರಾ ಕಾಣದ ಕಾಲದವರು. ಅವರದೆಂದು ಅಚ್ಚಾಗುವ ರೂಪ ಭಕ್ತಿಯ ಕಲ್ಪನೆಯೇ ಹೊರತು ದಾಖಲೆಯಲ್ಲ. ಶರೀಫರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರ ಬಂದ ಮೇಲೆ ಶರೀಫರೆಂದರೆ ಅನೇಕರ ಕಣ್ಣಮುಂದೆ ನಟ ಶ್ರೀಧರರ ರೂಪ ನಿಲ್ಲುತ್ತದೆ, ದನಿಯೆಂದರೆ ಸಿ. ಅಶ್ವತ್ಥರದು ಕೇಳಿಸುತ್ತದೆ. ಮುಂದೆ ರಘು ದೀಕ್ಷಿತ್ ಅವರ ತಂಡ 2008ರ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಪದಗಳನ್ನು ರಾಕ್ ವಾದ್ಯಗಳೊಡನೆ ಹಾಡಿದಾಗ, ಹೊಸ ತಲೆಮಾರಿನ ಕೇಳುಗರಿಗೆ ಆ ಪದಗಳು ಮೊದಲು ಬಂದದ್ದು ತಂಡದ ಹೆಸರಿನ ಹೊದಿಕೆಯೊಳಗೆ. ಇದರಲ್ಲಿ ಕೆಡುಕೇನೂ ಇಲ್ಲ. ತತ್ವಪದ ಬಾಯಿಂದ ಬಾಯಿಗೆ ಹೀಗೆಯೇ ಬದುಕಿದೆ. ಅಂಕಿತ ಹಾಡಿನೊಳಗೆ ಇರುವವರೆಗೂ ಹೊದಿಕೆ ಯಾರ ಮುಖವನ್ನು ತೋರಿಸಿದರೂ ಹಾಡು ತನ್ನ ಒಡೆಯನನ್ನು ತಾನೇ ಹೇಳುತ್ತದೆ.

ಅಪಾಯವಿರುವುದು ಅಂಕಿತದ ನುಡಿಯೇ ಬಿಟ್ಟುಹೋದಲ್ಲಿ. ಕ್ಯಾಸೆಟ್ಟಿನ ಒಂದು ಬದಿಯ ಮೂವತ್ತು ನಿಮಿಷಗಳಿಗೆ ಹೊಂದಿಸಲು ಹಾಡನ್ನು ಮೊಟಕುಗೊಳಿಸಬೇಕಾದಾಗ ಸುಲಭವಾಗಿ ಕೈಬಿಡುವುದು ಕೊನೆಯ ನುಡಿಯನ್ನು. ಆ ನುಡಿಯಲ್ಲಿಯೇ ಅಂಕಿತವಿರುತ್ತದೆ. ಒಳಮಡಿಕೆಯ ಚೀಟಿಯಲ್ಲಿ ರಚನೆಕಾರರ ಹೆಸರೂ ಇಲ್ಲದಿದ್ದರೆ ಆ ಪದ ‘ಜಾನಪದ’ ಎಂಬ ವಿಶಾಲವಾದ ಚೀಲವನ್ನು ಸೇರಿಬಿಡುತ್ತದೆ. ಅಂಕಿತದ ಹಿಂದೆ ತಾನಾಗಿ ಮರೆಯಾದ ಕವಿ, ಈಗ ಲಾಟ್ ಲಾಂಗ್‌ನಂತೆ, ಬೇರೆಯವರ ಉದಾಸೀನದಿಂದ ಮರೆಯಾಗುತ್ತಾನೆ. ಒಪ್ಪಿಕೊಂಡ ಅನಾಮಿಕತೆ ಹೇರಿದ ಅನಾಮಿಕತೆಯಾಗಿ ಬದಲಾಗುವುದು ಈ ಬಿಂದುವಿನಲ್ಲಿ.

6

ಕ್ಯಾಸೆಟ್ಟಿನ ಕಾಲ ಮುಗಿದಿದೆ. ತರುವಾಯ ಹಾಡುಗಳು ಸಿ.ಡಿ.ಗಳಿಗೆ, ಮೊಬೈಲ್ ಅಂಗಡಿಗಳಲ್ಲಿ ತುಂಬಿಸಿಕೊಡುತ್ತಿದ್ದ ಮೆಮೊರಿ ಕಾರ್ಡುಗಳಿಗೆ, ಈಗ ಅಂತರ್ಜಾಲಕ್ಕೆ ಸಾಗಿವೆ. ಮೆಮೊರಿ ಕಾರ್ಡಿನಲ್ಲಿ ಹಾಡಿಗೆ ಹೊದಿಕೆಯೇ ಇರಲಿಲ್ಲ. ಕಡತದ ಹೆಸರೊಂದೇ ಗತಿ. ಈಗ ಫೋನಿನ ಪರದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಚಿತ್ರ ಮರಳಿ ಬಂದಿದೆ, ಆದರೆ ಅದನ್ನು ಆರಿಸುವವರು ಹಾಡನ್ನು ಏರಿಸುವ ಯಾರೋ ಒಬ್ಬರು. ಒಂದೇ ಪದಕ್ಕೆ ಹತ್ತು ಹೊದಿಕೆಗಳು, ಹತ್ತರಲ್ಲಿಯೂ ಬೇರೆ ಬೇರೆ ಮುಖಗಳು. ಪಾಠಾಂತರಗಳನ್ನು ಹೋಲಿಸಲು ಬಲ್ಲ ಶಾಸ್ತ್ರಕ್ಕೆ ಇಲ್ಲಿ ಹೊಸದೊಂದು ಕೆಲಸ ಕಾದಿದೆ: ಚಿತ್ರಾಂತರಗಳನ್ನು ಹೋಲಿಸುವುದು.

ಹಳೆಯ ಹೊದಿಕೆಗಳು ಮಾತ್ರ ಕಾಯುವುದಿಲ್ಲ. ಸುರುಳಿಯ ಧ್ವನಿಯನ್ನು ಗಣಕಕ್ಕೆ ಇಳಿಸಿಕೊಂಡವರು ಸಾಮಾನ್ಯವಾಗಿ ಪೆಟ್ಟಿಗೆಯನ್ನೂ ಚೀಟಿಯನ್ನೂ ಕಸಕ್ಕೆ ಹಾಕುತ್ತಾರೆ. 2020ರ ಅಕ್ಟೋಬರಿನಲ್ಲಿ ಭೀಮೆಗೆ ಪ್ರವಾಹ ಬಂದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿತೀರದ ಊರುಗಳ ಜನ ಮನೆ ಬಿಟ್ಟು ಹೊರಡಬೇಕಾಯಿತು. ಅಂಥ ಹೊತ್ತಿನಲ್ಲಿ ದವಸವನ್ನೂ ದಾಖಲೆಪತ್ರಗಳನ್ನೂ ಎತ್ತಿಕೊಳ್ಳುವರೇ ವಿನಾ ಟ್ರಂಕಿನಲ್ಲಿರುವ ಹಳೆಯ ಕ್ಯಾಸೆಟ್ಟುಗಳನ್ನು ಯಾರು ಎತ್ತಿಕೊಂಡಾರು? ಪ್ಲಾಸ್ಟಿಕ್ಕಿನ ಸುರುಳಿ ನೀರಿನಲ್ಲಿ ಒಂದಿಷ್ಟು ತಾಳೀತು, ಮಡಿಸಿದ ಕಾಗದ ತಾಳದು. ಆ ಕಾಗದದಲ್ಲಿ ಊರಿನ ಭಜನಾಮಂಡಳಿಯ ಹೆಸರು, ಹಾರ್ಮೋನಿಯಂ ನುಡಿಸಿದವರ ಹೆಸರು, ತಬಲಾ ಬಾರಿಸಿದವರ ಹೆಸರು, ಪದ ಹೇಳಿಕೊಟ್ಟ ಹಿರಿಯರ ಹೆಸರು ಇರಬಹುದು. ಅಷ್ಟು ಹೆಸರುಗಳಿಗೆ ಬೇರೆ ಯಾವ ದಾಖಲೆಯೂ ಇಲ್ಲದಿರಬಹುದು.

ಕ್ಷೇತ್ರಕಾರ್ಯದಲ್ಲಿ ತೊಡಗುವ ಸಂಶೋಧಕರು ಧ್ವನಿಮುದ್ರಿಕೆ ಸಿಕ್ಕಲ್ಲೆಲ್ಲ ಅದರ ಹೊದಿಕೆಯ ಎಲ್ಲ ಮಡಿಕೆಗಳನ್ನೂ, ಬೆನ್ನನ್ನೂ, ಒಳಪಟ್ಟಿಯನ್ನೂ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಕಷ್ಟದ ಮಾತಲ್ಲ. ಅದರ ಮೇಲೆ ಯಾರ ಮುಖವಿದೆ, ಯಾರ ಹೆಸರಿದೆ, ಹಾಡಿನೊಳಗಿನ ಅಂಕಿತಕ್ಕೂ ಹೊರಗಿನ ಹೆಸರಿಗೂ ಹೊಂದಾಣಿಕೆ ಇದೆಯೇ, ಕೊನೆಯ ನುಡಿ ಉಳಿದಿದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರತಿಯೊಂದು ಪ್ರತಿಗೂ ಕೇಳಿ ಬರೆದಿಟ್ಟರೆ, ತತ್ವಪದಗಳ ಕರ್ತೃತ್ವದ ಚರ್ಚೆಗೆ ಹೊಸ ಆಕರವೊಂದು ಒದಗುತ್ತದೆ. ಇಂಗ್ಲೆಂಡಿನ ಹುಲ್ಲುಹೊದಿಕೆಯವನ ಹೆಸರು ಮರಳಿ ದೊರೆತದ್ದು ಯಾರೋ ಒಬ್ಬರು ಒಂದು ಚಿತ್ರದ ಕೆಳಗೆ ಒಂದು ಸಾಲು ಬರೆದಿಟ್ಟಿದ್ದರಿಂದ, ಇನ್ನಾರೋ ಅದನ್ನು ಬಿಸಾಡದೆ ಇಟ್ಟಿದ್ದರಿಂದ, ಮತ್ತೊಬ್ಬರು ಅದನ್ನು ಓದಿದ್ದರಿಂದ. ಭೀಮಾತೀರದ ಕ್ಯಾಸೆಟ್ಟುಗಳಲ್ಲಿ ಮೊದಲನೆಯ ಕೆಲಸವನ್ನು ಆ ಊರುಗಳ ಹಾಡುಗಾರರು ಮಾಡಿಟ್ಟಿದ್ದಾರೆ. ಉಳಿದ ಎರಡು ಕೆಲಸಗಳು ಕನ್ನಡ ವಿಭಾಗಗಳ ಪಾಲಿಗೆ ಬಂದಿವೆ.